ವ್ಯಾಪ್ತಿ ಪ್ರದೇಶದ ಹೊರಗೆ

ಅಟ್ಟದ ಕೋಣೆಯಲ್ಲಿ ಇಟ್ಟಿದ್ದ ಮೇಣದ ಬತ್ತಿ, ಯಾರೂ ಕಡ್ಡಿ ಗೀರದಿದ್ದರೂ, ಒಂದು ಮಧ್ಯಾಹ್ನ ತನ್ನಷ್ಟಕ್ಕೆ ತಾನೇ ಸೊಂಟ ಬಗ್ಗಿಸಿ ಹಲಗೆಗೆ ಹಣೆ ಹಚ್ಚಿಬಿಟ್ಟಿತು. ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ತಂದು, ರಾತ್ರಿ ಊಟಕ್ಕೆ ಕೂತಿದ್ದ ಗಂಡನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ನ್ಯಾಯಾಲಯದಲ್ಲಿ ಕೊಲೆಗೆ ಬಳಸಿದ ಆಯುಧವನ್ನು ಮೇಜಿನ ಮೇಲೆ ಇಡುತ್ತಾರಲ್ಲ, ಹಾಗೆ.

ಗಂಡನಿಗೆ ಕಚೇರಿಯಲ್ಲಿ ಆಯ್ತಪ್ಪ ಎಂಬ ಅಡ್ಡಹೆಸರು. ಆತ ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ. ಹದಿನೇಳು ವರ್ಷಗಳಿಂದ ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಫೋನಿನ ಮುಂದೆ ಕೂತು, ನಲ್ಲಿಯಲ್ಲಿ ನೀರಿಲ್ಲ ಎಂದವರಿಗೂ, ನಲ್ಲಿಯಲ್ಲಿ ಕಪ್ಪೆ ಬಂತು ಎಂದವರಿಗೂ, ನಿನ್ನ ವಂಶ ನಿರ್ವಂಶವಾಗಲಿ ಎಂದವರಿಗೂ ಒಂದೇ ದನಿಯಲ್ಲಿ "ಆಯ್ತು, ಆಯ್ತು" ಎನ್ನುತ್ತ ಬಂದಿದ್ದರಿಂದ ಸಿಕ್ಕ ಬಿರುದು ಅದು.

ಮನೆಗೆ ಬಂದರೂ ಕಿವಿಗೆ ಬಿಡುವಿರಲಿಲ್ಲ. ಹಜಾರ ಮಾವನದ್ದು. ಮಂಡಿನೋವಿನ ಚಿಕಿತ್ಸೆಗೆಂದು ಹದಿನೈದು ದಿನದ ಮಟ್ಟಿಗೆ ಬಂದಿದ್ದ ಮಾವ ನಾಲ್ಕು ವರ್ಷಗಳಿಂದ ಟಿವಿಯ ಮುಂದೆ ಗುಣವಾಗುತ್ತಲೇ ಇದ್ದರು. ಮಲಗುವ ಕೋಣೆಯಲ್ಲಿ ಹೆಂಡತಿ ಸಂಜೆ ಆರರಿಂದ ಎಂಟರವರೆಗೆ ತನ್ನ ಅಕ್ಕನ ಜೊತೆ ಫೋನಿನಲ್ಲಿ ಇರುತ್ತಿದ್ದಳು. ಉಳಿದದ್ದು ಇಳಿಜಾರು ಹೆಂಚಿನ ಮಾಡಿನ ಕೆಳಗಿದ್ದ ಆ ಅಟ್ಟದ ಕೋಣೆ ಒಂದೇ. ಆಯ್ತಪ್ಪ ಅಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡಿದ್ದ. ಆದರೆ ಬೆಳಗ್ಗೆ ಏಳು ದಾಟಿದ ಮೇಲೆ ಅಲ್ಲಿ ಕೂತರೆ ಇಸ್ತ್ರಿ ಪೆಟ್ಟಿಗೆಯ ಹೊಟ್ಟೆಯೊಳಗೆ ಕೂತಂತಾಗುತ್ತಿತ್ತು. ಎರಡು ವರ್ಷದಲ್ಲಿ ಆತ ಅಲ್ಲಿ ಒಂದು ಕಾದಂಬರಿಯ ಹನ್ನೊಂದು ಪುಟ ಓದಿದ್ದ.

ಈಗ ಹೆಂಡತಿಯ ಅಣ್ಣ ಚಿಕ್ಕ ಮನೆಗೆ ಹೋಗುತ್ತಿದ್ದ. ಅವನ ಮೂರು ಮರದ ಬೀರುಗಳಿಗೆ ಜಾಗ ಬೇಕಾಗಿತ್ತು. ನಾಡಿದ್ದು ಬೆಳಗ್ಗೆ ವ್ಯಾನು ಬರುತ್ತದೆ ಎಂದು ಅಣ್ಣತಂಗಿಯರು ಆಗಲೇ ಮಾತಾಡಿ ಮುಗಿಸಿದ್ದರು.

"ಮೇಣದ ಬತ್ತಿಗೇ ಇರೋಕಾಗದ ಜಾಗದಲ್ಲಿ ನೀವು ಏನು ಇರ್ತೀರಿ?" ಎಂದಳು ಹೆಂಡತಿ. "ನಾಳೆ ಸಂಜೆ ಒಳಗೆ ಅಲ್ಲಿ ಮನುಷ್ಯರು ಕೂರೋ ಹಾಗೆ ಮಾಡಿ, ಕೋಣೆ ನಿಮ್ದು. ಇಲ್ಲಾಂದ್ರೆ ನಮ್ಮಣ್ಣನ ಬೀರುಗಳಿಗೆ. ಅವು ಸೆಖೆ ಅಂತ ಗೊಣಗಲ್ಲ."

ಆಯ್ತಪ್ಪ ಅರ್ಧ ಊಟದಲ್ಲೇ ಎದ್ದ. ಮೂಲೆಯ ಹಾರ್ಡ್‌ವೇರ್ ಅಂಗಡಿಯವನು ಬಾಗಿಲು ಎಳೆಯುವ ಹೊತ್ತಿಗೆ ಏದುಸಿರು ಬಿಡುತ್ತ ಹೋಗಿ ನಿಂತ. ಅಂಗಡಿಯವನು ಕಷ್ಟ ಕೇಳಿಸಿಕೊಂಡು, ಒಳಗಿನಿಂದ ಬೆಳ್ಳಿಯಂತೆ ಥಳಥಳಿಸುವ ಒಂದು ದಪ್ಪ ಸುರುಳಿಯನ್ನು ಉರುಳಿಸಿಕೊಂಡು ಬಂದ. ಬಿಚ್ಚಿದರೆ ಬೆರಳಿನಷ್ಟೂ ದಪ್ಪವಿಲ್ಲ. ಆದರೆ ಒಳಗೆ ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಒಂದು ಹೊಳೆಯುವ ಹಾಳೆ, ಒಂದು ತೆಳುವಾದ ಸ್ಪಂಜು, ಮತ್ತೆ ಹಾಳೆ, ಮತ್ತೆ ಹತ್ತಿಯಂಥದ್ದು, ಒಟ್ಟು ಹದಿನಾಲ್ಕು. ಬಿಸಿಲಿನ ಕಾವು ಬಂದಷ್ಟೂ ವಾಪಸು ಕಳಿಸುತ್ತದಂತೆ. ಅಂಗಡಿಯವನು ಹೇಳಿದ ಷರತ್ತು ಮೂರು. ಹೆಂಚಿಗೆ ತಾಗಿಸಬಾರದು, ನಡುವೆ ಎರಡು ಬೆರಳು ಗಾಳಿ ಆಡಬೇಕು. ತಮಟೆಯ ಹಾಗೆ ಬಿಗಿದು ಎಳೆಯಬಾರದು. ಒಂದು ಪಟ್ಟಿಯ ಮೇಲೆ ಇನ್ನೊಂದು ನಾಲ್ಕು ಬೆರಳು ಹತ್ತಬೇಕು, ಹತ್ತಿದ ಕಡೆ ಬೆಳ್ಳಿ ಟೇಪು ಬೀಳಬೇಕು. ಒಂದು ಸೀಳು ಬಿಟ್ಟರೂ ಬಿಸಿ ಅಲ್ಲಿಂದ ಕಳ್ಳನ ಹಾಗೆ ನುಗ್ಗುತ್ತದೆ.

"ಇಡೀ ಸುರುಳಿ ತಗೋಬೇಕು, ಕತ್ತರಿಸಿ ಕೊಡಲ್ಲ" ಎಂದ ಅಂಗಡಿಯವನು. ಆಯ್ತಪ್ಪ ಆಯ್ತು ಎಂದ.

ಮರುದಿನ ಬೆಳಗ್ಗೆ ಹೆಂಡತಿ ತಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿಗೆ ಹೊರಟ ಮೇಲೆ, ಆಯ್ತಪ್ಪ ಮಂಚದ ಮೇಲೆ ಮಲಗಿಕೊಂಡು ಕಚೇರಿಗೆ ಫೋನ್ ಮಾಡಿದ. ಮಲಗಿಕೊಂಡರೆ ದನಿಗೆ ರೋಗಿಯ ಕಳೆ ಬರುತ್ತದೆ ಎಂಬುದು ಅವನ ಲೆಕ್ಕ. ಬೆನ್ನು ಹಿಡಿದುಕೊಂಡಿದೆ, ಹೊರಳುವುದಕ್ಕೂ ಆಗುತ್ತಿಲ್ಲ ಎಂದು ನರಳಿದ. ಸಾಹೇಬರು, ಏಳಬೇಡಿ, ಅಲ್ಲಾಡಬೇಡಿ ಎಂದು ಅಪ್ಪಣೆ ಕೊಟ್ಟರು. ಫೋನ್ ಇಟ್ಟ ಆಯ್ತಪ್ಪ ಒಂದೇ ನೆಗೆತಕ್ಕೆ ಎದ್ದು ಹಿತ್ತಲಿನಿಂದ ಏಣಿ ತಂದ.

ಸುರುಳಿ ಅಂಗಡಿಯಿಂದ ಕೈಗಾಡಿಯಲ್ಲಿ ಬಂದಾಗ ಬೀದಿಗೆಲ್ಲ ಮಿಂಚು ಹೊಡೆಯಿತು. ಪಕ್ಕದ ಮನೆಯ ನಿವೃತ್ತ ಸರ್ವೆಯರ್ ಗೇಟು ತೆರೆದುಕೊಂಡು ಬಂದೇಬಿಟ್ಟರು. ಊರುಗೋಲಿನ ಬದಲು ಹಳೆಯ ಮರದ ಅಳತೆ ಕೋಲು ಹಿಡಿದು ಓಡಾಡುವ ಮನುಷ್ಯ ಅವರು. ಬೀದಿಯಲ್ಲಿ ಯಾರ ಮನೆಯ ಕಾಂಪೌಂಡು ಎಷ್ಟು ಅಂಗುಲ ಸೊಟ್ಟಗಿದೆ ಎಂಬುದನ್ನು ಕೇಳದಿದ್ದರೂ ಹೇಳುತ್ತಿದ್ದರು. ಅವರ ಸದ್ದು ಕೇಳಿ ಮಾವನೂ ಟಿವಿಯ ಸದ್ದು ತಗ್ಗಿಸದೆಯೇ ಹೊರಗೆ ಬಂದರು.

ಹೊಳೆಯುವ ಮುಖ ಹೆಂಚಿನ ಕಡೆ ಇರಬೇಕು ಎಂದರು ಸರ್ವೆಯರ್. ಕೋಣೆಯ ಕಡೆಗೇ ಇರಬೇಕು ಎಂದರು ಮಾವ. ಸರ್ವೆಯರ್ ಬೆಳಕಿನ ಕೋನದ ಬಗ್ಗೆ ಮಾತಾಡಿದರು. ಮಾವ, ತಮ್ಮ ಸ್ನೇಹಿತನೊಬ್ಬ ಉಲ್ಟಾ ಹಾಕಿಸಿ ತಲೆಗೂದಲೆಲ್ಲ ಕಳೆದುಕೊಂಡದ್ದನ್ನು ಹೇಳಿದರು. ಅಷ್ಟು ಹೊತ್ತೂ ಆಯ್ತಪ್ಪ ಸುರುಳಿಯನ್ನು ಹೆಗಲ ಮೇಲೆ ಹೊತ್ತೇ ನಿಂತಿದ್ದ. ಮುಕ್ಕಾಲು ಗಂಟೆಯ ನಂತರ, ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಆತ ಸುರುಳಿಯ ತುದಿ ಬಿಚ್ಚಿ ತೋರಿಸಿದ. ಎರಡು ಮುಖವೂ ಹೊಳೆಯುತ್ತಿದ್ದವು.

ಸರ್ವೆಯರ್ ಅದನ್ನು ತಮ್ಮ ಗೆಲುವು ಎಂದುಕೊಂಡರು. ಮಾವನೂ ಹಾಗೇ ಅಂದುಕೊಂಡರು. ಇಬ್ಬರೂ ಹಜಾರಕ್ಕೆ ಹೋಗಿ ಟಿವಿಯ ಮುಂದೆ ಕೂತರು.

ಮೇಲೆ ಆಯ್ತಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಶುರು ಮಾಡಿದ. ಸ್ಟೇಪಲ್ ಗನ್ನು ಆ ಚಿಕ್ಕ ಕೋಣೆಯಲ್ಲಿ ಪಟಾಕಿಯ ಹಾಗೆ ಸಿಡಿಯುತ್ತಿತ್ತು. ಮೊದಲ ಪಟ್ಟಿಯನ್ನು ತೊಲೆಗೆ ಹೊಡೆದು ಇಳಿಯಲು ಹೋದರೆ ಇಳಿಯಲಾಗಲಿಲ್ಲ. ತೊಲೆ, ಪಟ್ಟಿ, ಅಂಗಿಯ ತೋಳು ಮೂರೂ ಒಂದಾಗಿದ್ದವು. ಅಂಗಿಯನ್ನು ಅಲ್ಲೇ ಬಿಟ್ಟು ಬನಿಯನ್ನಿನಲ್ಲಿ ಇಳಿದು, ಆಮೇಲೆ ಅಂಗಿಯನ್ನು ಕತ್ತರಿಸಿ ತೆಗೆದ. ಎರಡನೇ ಪಟ್ಟಿ ಅರ್ಧ ಹೊಡೆದಾಗ ಸುರುಳಿ ಕಾಲ ಕೆಳಗೆ ಜಾರಿ, ತಾನಾಗಿಯೇ ಬಿಚ್ಚಿಕೊಳ್ಳುತ್ತ ಗೋಡೆಯವರೆಗೆ ಓಡಿ, ಗೋಡೆಗೆ ಬಡಿದು ವಾಪಸು ಬಂದು ಏಣಿಯನ್ನು ಸುತ್ತಿಕೊಂಡಿತು. ಆತ ಅದನ್ನು ಕೂಸನ್ನು ಸಮಾಧಾನ ಮಾಡುವಂತೆ ಎತ್ತಿಕೊಂಡು ಮತ್ತೆ ಸುತ್ತಿದ. ಹದಿನೇಳು ವರ್ಷ ಬೈಗುಳ ತಿಂದ ತಾಳ್ಮೆ ಆ ದಿನ ಉಪಯೋಗಕ್ಕೆ ಬಂತು. ಎರಡು ಬೆರಳಿಟ್ಟು ಹೆಂಚಿನ ಅಂತರ ನೋಡಿದ, ನಾಲ್ಕು ಬೆರಳಿಟ್ಟು ಪಟ್ಟಿಯ ಮೇಲೆ ಪಟ್ಟಿ ಹತ್ತಿದ್ದನ್ನು ನೋಡಿದ, ಬೆಳಕಿಗೆಂದು ಇದ್ದ ಒಂದು ಗಾಜಿನ ಹೆಂಚನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದ.

ಮಧ್ಯಾಹ್ನ ಹನ್ನೆರಡೂವರೆಗೆ ಮಾಡು ಮುಗಿಯಿತು. ಸುರುಳಿ ಇನ್ನೂ ಉಳಿದಿತ್ತು. ಇಡೀ ಸುರುಳಿ ತಂದ ಮೇಲೆ ಬಿಡುವುದೇಕೆ ಎಂದು ಎರಡು ಕಡೆಯ ಗೋಡೆಗೂ ಹೊಡೆದ. ಕೊನೆಗೆ ಒಂದು ಆಳೆತ್ತರದ ತುಂಡು ಉಳಿಯಿತು. ಬಾಗಿಲು ಮೆಟ್ಟಿಲ ಕಡೆಗೆ ತೆರೆಯುವಂಥದ್ದು. ಅದನ್ನು ಎಳೆದುಕೊಂಡು, ಒಳಗಿನಿಂದ ಚೌಕಟ್ಟಿಗೆ ಆ ತುಂಡನ್ನು ಪರದೆಯ ಹಾಗೆ ಇಳಿಬಿಟ್ಟು, ಸುತ್ತ ಟೇಪು ಹಚ್ಚಿದ. ಎಲ್ಲ ಮುಚ್ಚಿದರೆ ಎಷ್ಟು ತಂಪಾಗುತ್ತದೆ ಎಂದು ಹತ್ತು ನಿಮಿಷ ನೋಡಿ ಆಮೇಲೆ ಬಿಚ್ಚಿದರಾಯಿತು ಎಂದುಕೊಂಡ.

ಕುರ್ಚಿಯಲ್ಲಿ ಕೂತ. ಮೊದಲು ಬೆವರು ನಿಂತಿತು. ಆಮೇಲೆ ಯೋಚನೆ ನಿಂತಿತು. ಕಿವಿಯಲ್ಲಿ ಹತ್ತಿ ಇದ್ದದ್ದು ಮರೆತೇಹೋಗಿತ್ತು. ಟಿವಿ ಇಲ್ಲ, ಅಕ್ಕ ಇಲ್ಲ, ಕಪ್ಪೆ ಇಲ್ಲ. ಜೇಬಿನಲ್ಲಿದ್ದ ಫೋನು ಒಮ್ಮೆಯೂ ಗುರ್ ಎನ್ನಲಿಲ್ಲ. ಇದೇನು ಪುಣ್ಯವೋ ಎಂದು ಅಂದುಕೊಳ್ಳುತ್ತಿದ್ದವನ ಗದ್ದ ಎದೆಗೆ ತಾಗಿತು.

ಅತ್ತ ಕಚೇರಿಯಲ್ಲಿ ದೂರಿನ ಕಡತಗಳಿದ್ದ ಕಪಾಟು ತೆರೆಯಬೇಕಾಗಿ ಬಂತು. ಬೀಗದ ಕೈ ಆಯ್ತಪ್ಪನ ಜೇಬಿನಲ್ಲಿತ್ತು. ಸಾಹೇಬರು ಫೋನ್ ಮಾಡಿದರು. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುದನಿಯೊಂದು ಹೇಳಿತು. ಸಾಹೇಬರು ಹುಬ್ಬು ಗಂಟಿಕ್ಕಿದರು. ಹೊರಳುವುದಕ್ಕೂ ಆಗದವನು ವ್ಯಾಪ್ತಿ ಪ್ರದೇಶ ದಾಟಿ ಎಲ್ಲಿಗೆ ಹೋದ? ಐದು ಸಲ ಮಾಡಿದರು. ಐದು ಸಲವೂ ಆಕೆ ಅದನ್ನೇ ಹೇಳಿದಳು. ಕೊನೆಗೆ ಕಡತದಲ್ಲಿದ್ದ ಅವನ ಹೆಂಡತಿಯ ನಂಬರಿಗೆ ಮಾಡಿದರು.

"ನಿಮ್ಮ ಯಜಮಾನ್ರ ಬೆನ್ನು ಹೇಗಿದೆಯಮ್ಮಾ? ಏಳೋಕೇ ಆಗ್ತಿಲ್ಲ ಅಂದ್ರು" ಎಂದು ಕೇಳಿದರು.

ಬೆಳಗ್ಗೆ ಹೊರಟಾಗ ಗಂಡ ಗಟ್ಟಿಮುಟ್ಟಾಗಿ ಏಣಿಯನ್ನು ಹುಡುಕುತ್ತಿದ್ದುದನ್ನು ಆಕೆ ನೋಡಿದ್ದಳು. ಎರಡಕ್ಕೆ ಎರಡು ಕೂಡಿಸಿದಳು. ಬಿದ್ದಿದ್ದಾನೆ. ತನಗೆ ಹೇಳಿದರೆ ಬೀರುಗಳು ಬಂದುಬಿಡುತ್ತವೆಂದು ಕಚೇರಿಗೆ ಮಾತ್ರ ಹೇಳಿದ್ದಾನೆ. ತಾನೂ ಗಂಡನಿಗೆ ಫೋನ್ ಮಾಡಿದಳು, ಆ ಹೆಣ್ಣುದನಿಯಿಂದ ಅದೇ ಉತ್ತರ ಬಂತು. ಅಪ್ಪನಿಗೆ ಮಾಡಿದಳು. ಟಿವಿಯ ಸದ್ದಿನ ನಡುವೆ ಅಪ್ಪ, "ಅಳಿಯಂದ್ರು ಬೆಳಗ್ಗೆ ಮೇಲೆ ಹೋದ್ರು. ಢಂ ಢಂ ಅಂತಿತ್ತು. ಒಂದು ಗಂಟೆಯಿಂದ ಏನೂ ಕೇಳ್ತಿಲ್ಲ" ಎಂದರು. ಕೈಯಲ್ಲಿದ್ದ ಯಾರದೋ ರಕ್ತದ ಸೀಸೆಯನ್ನು ಪಕ್ಕದವಳ ಕೈಗೆ ಕೊಟ್ಟು ಆಕೆ ಸ್ಕೂಟರ್ ಹತ್ತಿದಳು. ಹತ್ತುವ ಮೊದಲು ಸಾಹೇಬರಿಗೆ ಫೋನ್ ಮಾಡಿ, ಅವರು ಬಿದ್ದು ಜ್ಞಾನ ತಪ್ಪಿರಬೇಕು ಎಂದು ಹೇಳಿದಳು. ಸಾಹೇಬರೂ ಹೊರಟರು. ಅನುಕಂಪ ಒಂದು ಪಾಲು, ಬೀಗದ ಕೈ ಮೂರು ಪಾಲು. ದಾರಿಯಲ್ಲಿ ಅರ್ಧ ಡಜನ್ ಸೇಬು ತಗೊಂಡರು.

ಮನೆಯಲ್ಲಿ ಮಂಡಿನೋವಿನ ಮಾವ ಮೆಟ್ಟಿಲ ಬುಡದಲ್ಲಿ ನಿಂತು ದಾರಿ ತೋರಿಸಿದರು, ಸರ್ವೆಯರ್ ಹತ್ತಿದರು. ಬಾಗಿಲು ಎಳೆದರೆ ಕೋಣೆಯೇ ಇಲ್ಲ. ಎದುರಿಗೆ ಬೆಳ್ಳಿಯ ಗೋಡೆ, ಅದರಲ್ಲಿ ಮಸುಕಾಗಿ ತಮ್ಮದೇ ಮುಖ. ಕೂಗಿದರು. ಉತ್ತರವಿಲ್ಲ. ಮೂವತ್ತೆರಡು ವರ್ಷ ಊರ ಗಡಿಗಳನ್ನೆಲ್ಲ ಅಳೆದ ಮನುಷ್ಯ ಇಂಥ ಗಡಿಯನ್ನು ಕಂಡಿರಲಿಲ್ಲ. ಅಳತೆ ಕೋಲನ್ನು ಈಟಿಯ ಹಾಗೆ ಹಿಡಿದು ತಿವಿದರು.

ಒಳಗೆ ಆಯ್ತಪ್ಪ ಕಣ್ಣು ಬಿಟ್ಟ. ಹೊಳೆಯುವ ಪರದೆ ಹೊಟ್ಟೆ ಉಬ್ಬಿಸಿಕೊಂಡು ಟಪ್ಪೆಂದು ಒಡೆದು, ಅಂಕಿ ಬರೆದ ಕೋಲೊಂದು ಒಂದು, ಎರಡು, ಮೂರು ಎಂದು ತನ್ನ ಕಡೆಗೆ ಬರುತ್ತಿತ್ತು. ಆತ ಭೂತ ಪ್ರೇತ ಏನನ್ನೂ ಯೋಚಿಸಲಿಲ್ಲ. ಸೀಳು ಬಿಟ್ಟರೆ ಬಿಸಿ ಕಳ್ಳನ ಹಾಗೆ ನುಗ್ಗುತ್ತದೆ ಎಂದ ಅಂಗಡಿಯವನ ಮಾತೊಂದೇ ನೆನಪಾಯಿತು. ಎದ್ದು ಕೋಲನ್ನು ಹಿಡಿದು ಎಳೆದ. ಕೋಲಿನ ಹಿಂದೆ ಪರದೆ ಬಂತು. ಪರದೆಯ ಹಿಂದೆ ಸರ್ವೆಯರ್ ಬಂದರು.

ಹೆಂಡತಿ ಓಡಿ ಬಂದು ಮೆಟ್ಟಿಲು ಹತ್ತಿ ನೋಡಿದಾಗ ನೆಲದ ಮೇಲೆ ಒಂದು ದೊಡ್ಡ ಬೆಳ್ಳಿಯ ಪೊಟ್ಟಣ ಹೊರಳಾಡುತ್ತಿತ್ತು. ಅದರಿಂದ ನಾಲ್ಕು ಕಾಲುಗಳು ಹೊರಗೆ ಚಾಚಿದ್ದವು. ಎರಡು ತನ್ನ ಗಂಡನವು ಎಂಬುದು ಹರಿದ ಕಾಲುಚೀಲದಿಂದ ಗೊತ್ತಾಯಿತು. ಉಳಿದ ಎರಡರ ಬಗ್ಗೆ ಆಕೆ ಕ್ಷಣಕಾಲ ಏನೇನೋ ಯೋಚಿಸಿದಳಂತೆ. ಪೊಟ್ಟಣ ಬಿಚ್ಚಿದ ಮೇಲೆ ಆಯ್ತಪ್ಪ ಮೊದಲು ಎದ್ದ, ಸರ್ವೆಯರನ್ನು ಎತ್ತಿ ನಿಲ್ಲಿಸಿದ, ಅವರ ಕೋಲನ್ನು ಬಗ್ಗಿ ತೆಗೆದುಕೊಟ್ಟ, ಬೆನ್ನು ನೆಟ್ಟಗೆ ಮಾಡಿ ತಿರುಗಿದ. ಬಾಗಿಲಲ್ಲಿ ಸಾಹೇಬರು ಸೇಬಿನ ಚೀಲ ಹಿಡಿದು ನಿಂತಿದ್ದರು.

ಆಯ್ತಪ್ಪ ತಕ್ಷಣ ಸೊಂಟಕ್ಕೆ ಕೈಯಿಟ್ಟು ಬಾಗಿದ.

"ಸ್ವಲ್ಪ ತಡವಾಯ್ತು ಕಣ್ರೀ" ಎಂದರು ಸಾಹೇಬರು.

ಸಾಹೇಬರ ಎರಡು ಜೇಬಿನಲ್ಲಿದ್ದ ಎರಡು ಫೋನುಗಳು ಒಂದಾದ ಮೇಲೆ ಒಂದು ಬಡಿದುಕೊಳ್ಳುತ್ತಿದ್ದವು. ಅವನ್ನು ಕೇಳಿಯೂ ಕೇಳದವರಂತೆ ಅವರು ಒಂದೊಂದೇ ಹೆಜ್ಜೆ ಒಳಗೆ ಇಡುತ್ತ ಶುರು ಮಾಡಿದರು. ಸುಳ್ಳು ಹೇಳಿ ರಜೆ ಹಾಕಿದ್ದು ಒಂದು, ಸರ್ಕಾರಿ ಬೀಗದ ಕೈ ಮನೆಗೆ ತಂದದ್ದು ಎರಡು. "ನಾಳೆ ಬೆಳಗ್ಗೆ ಹತ್ತು ಗಂಟೆಗೆ ಲಿಖಿತ ವಿವರಣೆ ನನ್ನ ಮೇಜಿನ ಮೇಲೆ..." ಎನ್ನುವಷ್ಟರಲ್ಲಿ ಬೆತ್ತದ ಕುರ್ಚಿಯ ಹತ್ತಿರ ಬಂದಿದ್ದರು. ಅಲ್ಲಿ ಮಾತು ನಿಂತಿತು. ಫೋನುಗಳೂ ನಿಂತಿದ್ದವು.

ಸಾಹೇಬರು ಎರಡನ್ನೂ ಹೊರಗೆ ತೆಗೆದು ನೋಡಿದರು. ಒಂದನ್ನು ಅಲ್ಲಾಡಿಸಿದರು. ಬಾಗಿಲಿನವರೆಗೆ ಹೋದರು, ಅದು ಬಡಿದುಕೊಂಡಿತು. ಕುರ್ಚಿಯ ಹತ್ತಿರ ಬಂದರು, ಬಾಯಿ ಮುಚ್ಚಿತು. ಮತ್ತೆ ಬಾಗಿಲಿಗೆ ಹೋದರು, ಮತ್ತೆ ಬಂದರು. ಮೂರನೇ ಸಲ ಬಂದಾಗ ಅವರ ಮುಖದಲ್ಲಿ, ಕೆಲಸಕ್ಕೆ ಸೇರಿದ ಮೇಲೆ ಯಾರೂ ನೋಡದ ಒಂದು ಮೃದುತನ ಇತ್ತು. ಅವರು ಬೆಳ್ಳಿಯ ಮಾಡನ್ನು ಒಂದು ಸಲ ಸುತ್ತ ನೋಡಿ, ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ಎಲ್ರೂ ಸ್ವಲ್ಪ ಕೆಳಗೆ ಹೋಗಿ. ರೋಗಿ ಜೊತೆ ಮಾತಾಡ್ಬೇಕು" ಎಂದರು.

ಹೆಂಡತಿಯೂ ಸರ್ವೆಯರೂ ಇಳಿದುಹೋದರು. ಆಯ್ತಪ್ಪ ಬಾಗಿಕೊಂಡೇ ನಿಂತಿದ್ದ.

"ಇದು ಯಾವಾಗ್ಲೂ ಹೀಗೇನಾ?"

ಗೊತ್ತಿಲ್ಲ ಸಾರ್, ಇವತ್ತೇ ಹಾಕಿದ್ದು, ನಾನು ಸೆಖೆಗೆ ಅಂತ ಹಾಕಿದ್ದು, ಎಂದ ಆಯ್ತಪ್ಪ.

ಸಾಹೇಬರು ಕಣ್ಣು ಮುಚ್ಚಿ ಹೇಳತೊಡಗಿದರು. ದಿನಕ್ಕೆ ಎಂಬತ್ತು ಕರೆ ಬರುತ್ತವಂತೆ. ಮೇಲಿನವರದ್ದು ಒಂದು ಫೋನಿಗೆ, ಮನೆಯವರದ್ದು ಇನ್ನೊಂದಕ್ಕೆ. ಸ್ನಾನದ ಮನೆಗೂ ಎರಡನ್ನೂ ತೆಗೆದುಕೊಂಡು ಹೋಗಬೇಕಂತೆ. ಸ್ವಿಚ್ ಆಫ್ ಮಾಡಿದರೆ ಯಾಕೆ ಮಾಡಿದಿರಿ ಎಂದು ಎರಡೂ ಕಡೆಯಿಂದ ಕೇಳುತ್ತಾರೆ. ವ್ಯಾಪ್ತಿಯ ಹೊರಗಿದ್ದರೆ ಯಾರೂ ಏನೂ ಕೇಳುವ ಹಾಗಿಲ್ಲ. ಹೀಗೆ ಹೇಳುತ್ತ ಹೇಳುತ್ತ ಅವರು ಬೂಟಿನ ಲಾಡಿ ಸಡಿಲಿಸಿದರು. ಆಯ್ತಪ್ಪ ಬಾಗಿದಲ್ಲಿಂದಲೇ ಆ ಲಾಡಿಯನ್ನು ನೋಡಿದ.

"ಬಾಗಿಲ ಹತ್ರ ಹರಿದಿದೆಯಲ್ಲ, ಅಲ್ಲಿಂದ ಸ್ವಲ್ಪ ಸಿಗ್ನಲ್ ಒಳಗೆ ಬರ್ತಿದೆ" ಎಂದರು. "ಅದನ್ನ ಅಂಟಿಸಿಬಿಡಿ. ನೀವು ಹೊರಗಿಂದ ಅಂಟಿಸಿ."

"ಹೊರಗಿಂದಾನಾ ಸಾರ್?"

"ಒಳಗಿಂದ ಅಂಟಿಸಿದ್ರೆ ನೀವೂ ಒಳಗಿರ್ತೀರಲ್ರೀ."

ಆಯ್ತಪ್ಪ ತನ್ನ ಕೈಯಾರೆ ಪರದೆಯನ್ನು ಎತ್ತಿ, ನಾಲ್ಕು ಬೆರಳು ಒಂದರ ಮೇಲೊಂದು ಹತ್ತಿಸಿ, ಟೇಪು ಹಚ್ಚಿ, ತನ್ನ ಕೋಣೆಯಿಂದ ತನ್ನನ್ನು ಹೊರಗೆ ಹಾಕಿಕೊಂಡ. ಕೊನೆಯ ಸೀಳು ಮುಚ್ಚುವ ಮೊದಲು ಒಳಗಿನಿಂದ ಒಂದು ಕೈ ಹೊರಗೆ ಬಂತು. ಅದರಲ್ಲಿ ಎರಡು ಫೋನುಗಳಿದ್ದವು.

"ರಜೆ ಮಂಜೂರಾಗಿದೆ" ಎಂದಿತು ಒಳಗಿನ ದನಿ. "ಬೆನ್ನು ನೋವಿರೋರು ಓಡಾಡ್ಬಾರ್ದು. ಅಲ್ಲೇ ಮೆಟ್ಟಿಲ ಮೇಲೆ ಕೂತಿರಿ. ಯಾರಾದ್ರೂ ಮಾಡಿದ್ರೆ ಸಾಹೇಬ್ರು ಪೈಪ್‌ಲೈನ್ ನೋಡೋಕೆ ಹೋಗಿದ್ದಾರೆ ಅನ್ನಿ."

ಎಷ್ಟು ದಿನದ ರಜೆ ಎಂದು ಆಯ್ತಪ್ಪ ಕೇಳಿದ. ಬೆನ್ನು ನೋವು ಅಷ್ಟು ಬೇಗ ವಾಸಿಯಾಗುವಂಥದ್ದಲ್ಲ, ಮಳೆ ಶುರುವಾಗುವವರೆಗೆ ನೋಡೋಣ, ದಿನಾ ಮಧ್ಯಾಹ್ನ ನಾನೇ ಬಂದು ವಿಚಾರಿಸಿಕೊಂಡು ಹೋಗುತ್ತೇನೆ ಎಂದು ಉತ್ತರ ಬಂತು.

ಕೆಳಗೆ ಹೆಂಡತಿ ಸಂತೋಷವಾಗಿದ್ದಳು. ಅಷ್ಟು ದೊಡ್ಡ ಸಾಹೇಬರೇ ಕೂತಿದ್ದಾರೆಂದರೆ ಅದು ಮನುಷ್ಯರು ಕೂರುವ ಜಾಗವೇ ಎಂದು ಒಪ್ಪಿಕೊಂಡಳು. ಕೊಟ್ಟ ಮಾತಿನಂತೆ ಕೋಣೆ ಗಂಡನದ್ದೇ. ಬೀರುಗಳನ್ನು ಮಲಗುವ ಕೋಣೆಯಲ್ಲಿ ಅವನು ಮಲಗುವ ಕಡೆ ನಿಲ್ಲಿಸಿದರಾಯಿತು ಎಂದು ಅಣ್ಣನಿಗೆ ಫೋನ್ ಮಾಡಿ ತಿಳಿಸಿದಳು. ಮಾವ ಸೇಬು ಹೆಚ್ಚಿಕೊಂಡು ಟಿವಿಯ ಮುಂದೆ ಕೂತರು.

ಕೋಣೆಯೊಳಗೆ ನುಗ್ಗಲಾಗದ ಬಿಸಿಯೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದು ಆಯ್ತಪ್ಪನಿಗೆ ಮೆಟ್ಟಿಲ ಮೇಲೆ ಕೂತ ಮೇಲೆ ಗೊತ್ತಾಯಿತು. ಬನಿಯನ್ನು ಮೈಗೆ ಅಂಟಿಕೊಂಡಿತು. ಎಡಗೈಯ ಫೋನು ಬಡಿದುಕೊಂಡಿತು. ಸಾಹೇಬರ ಹೆಂಡತಿ, ಅವರು ಎಲ್ಲಿದ್ದಾರೆ, ಫೋನು ನಿಮ್ಮ ಕೈಯಲ್ಲಿ ಯಾಕಿದೆ, ನೀವು ಯಾರು, ನಿಜ ಹೇಳಿ ಎಂದು ಒಂದೇ ಉಸಿರಿಗೆ ಕೇಳಿದರು. ಆತ ಪೈಪ್‌ಲೈನ್ ಎಂದ. ಯಾವ ಪೈಪ್‌ಲೈನ್ ಎಂದರು. ಬಲಗೈಯ ಫೋನು ಬಡಿದುಕೊಂಡಿತು. ಮುಖ್ಯ ಕಚೇರಿಯವರು, ಮೂರು ದಿನದಿಂದ ಕೇಳುತ್ತಿರುವ ವರದಿ ಎಲ್ಲಿ ಎಂದು ಶುರು ಮಾಡಿ, ಉತ್ತರ ಬರುವ ಮೊದಲೇ ಅವನ ಯೋಗ್ಯತೆಯ ಬಗ್ಗೆ ಮಾತಾಡತೊಡಗಿದರು. ಹೊರಗೆ ಬಂದ ಕೂಡಲೇ ಅವನ ಸ್ವಂತ ಫೋನಿಗೂ ಜೀವ ಬಂದಿತ್ತು. ಬೀಗದ ಕೈ ಎಲ್ಲಿ ಎಂದು ಕಚೇರಿಯಿಂದ ಕೇಳುತ್ತಿದ್ದರು.

ಮೂರು ಫೋನನ್ನೂ ಮೂರು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟುಕೊಂಡು ಆತ ಒಂದಾದ ಮೇಲೆ ಒಂದಕ್ಕೆ ಕಿವಿ ಕೊಡುತ್ತಿದ್ದಾಗ, ಬೆನ್ನ ಹಿಂದೆ ಪರದೆಯ ಮೇಲೆ ಯಾರೋ ಬೆರಳಿನಿಂದ ಮೆಲ್ಲಗೆ ಬಡಿದರು.

"ರೀ" ಎಂದಿತು ನಿದ್ದೆಗಣ್ಣಿನ ದನಿ. "ಒಂದು ದಿಂಬು ಇದ್ರೆ ಕೊಡಿ. ನೀವು ದಿನಾ ತಲೆಗೆ ಇಟ್ಕೊಳ್ಳೋ ದಿಂಬೇ ಆದ್ರೂ ಪರವಾಗಿಲ್ಲ. ಆಮೇಲೆ, ಸ್ವಲ್ಪ ಮೆತ್ತಗೆ ಮಾತಾಡಿ. ಇಲ್ಲಿವರೆಗೂ ಕೇಳಿಸ್ತಿದೆ."